ಕೈಲೆಕ್ಕ ಮೊದಲು, ಕೋಡ್ ಆಮೇಲೆ: ಕಾಮರ್ಸ್ ವಿದ್ಯಾರ್ಥಿಗಳು ಪ್ರೋಗ್ರಾಮಿಂಗ್‌ನ ಮೊದಲ ಕೋರ್ಸನ್ನು ಚೆನ್ನಾಗಿ ಮುಗಿಸುವ ಬಗೆ

ಹುಬ್ಬಳ್ಳಿಯಲ್ಲಿ ಬಿಸಿನೆಸ್ ಅನಲಿಟಿಕ್ಸ್ (ವ್ಯಾಪಾರದ ದತ್ತಾಂಶದ ವಿಶ್ಲೇಷಣೆ) ಕಲಿಯಲು ಸಂಜೆಯ ತರಗತಿಗೆ ಬರುವವರಿಗೆ ನಾನು ಪ್ರೋಗ್ರಾಮಿಂಗ್‌ನ ಮೊದಲ ಪಾಠಗಳನ್ನು ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಬಿ.ಕಾಂ. ಇಲ್ಲವೇ ಬಿ.ಬಿ.ಎ. ಓದಿದವರು, ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವವರಿದ್ದಾರೆ, ಗದಗಿನಿಂದ ರೈಲಿನಲ್ಲಿ ಬರುವವರಿದ್ದಾರೆ, ಹಗಲೆಲ್ಲ ಅಡತಿ ಅಂಗಡಿಯಲ್ಲೋ ಲೆಕ್ಕಪರಿಶೋಧಕರ ಕಚೇರಿಯಲ್ಲೋ ದುಡಿದು ಬರುವವರೂ ಇದ್ದಾರೆ. ಮೊದಲ ವಾರ ಎಲ್ಲರ ಬಾಯಲ್ಲೂ ಹೆಚ್ಚುಕಡಿಮೆ ಒಂದೇ ಮಾತು: ‘ನಾವು ಕಾಮರ್ಸ್‌ನವರ್ರೀ ಸರ್, ಈ ಕೋಡಿಂಗ್ ನಮ್ಮ ತಲಿಗೆ ಹತ್ತೂದಿಲ್ರೀ.’

ನಾನು ಕಂಡದ್ದು ಇದಕ್ಕೆ ವಿರುದ್ಧವಾಗಿದೆ. ದಿನದ ವ್ಯವಹಾರದ ಪುಸ್ತಕವಾದ ಕಿರ್ದಿಯಲ್ಲಿ ಬರೆದದ್ದನ್ನು ಖಾತೆವಾರು ಪುಸ್ತಕವಾದ ಖತಾವಣಿಗೆ ಏರಿಸಿ, ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ಎಂಟು ರೂಪಾಯಿಯ ವ್ಯತ್ಯಾಸಕ್ಕಾಗಿ ಊಟಕ್ಕೆ ಏಳದೆ ಕುಳಿತು ಹುಡುಕುವ ಅಭ್ಯಾಸ ಯಾರಿಗಿದೆಯೋ, ಅವರಿಗೆ ಈ ಕೋರ್ಸಿನ ಅತ್ಯಂತ ಕಠಿಣವಾದ ಭಾಗ ಆಗಲೇ ಬಂದಿರುತ್ತದೆ. ಪ್ರೋಗ್ರಾಮಿಂಗ್ ಭಾಷೆಯ ವ್ಯಾಕರಣವನ್ನು ಕೆಲವು ವಾರಗಳಲ್ಲಿ ಕಲಿಯಬಹುದು; ಬಂದ ಉತ್ತರವನ್ನು ನಂಬುವ ಮೊದಲು ತಾಳೆ ನೋಡಬೇಕೆಂಬ ಬುದ್ಧಿ ಬೇರೂರಲು ಹೆಚ್ಚು ಕಾಲ ಬೇಕು. ಆದುದರಿಂದ ಈ ಬರಹದುದ್ದಕ್ಕೂ ನಾನು ಒತ್ತಿ ಹೇಳುವ ಕೆಲಸ ಒಂದೇ: ನಾಲ್ಕೈದು ಸಾಲಿನ ದತ್ತಾಂಶದ ಮೇಲೆ ಉತ್ತರವನ್ನು ಮೊದಲು ಕೈಯಿಂದ ತೆಗೆಯಿರಿ, ಅನಂತರ ಅದೇ ಉತ್ತರವನ್ನು ಕೊಡುವಂತೆ ಕೋಡ್ ಬರೆಯಿರಿ.

ಇಂಥ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಪೈಥಾನ್ ಭಾಷೆಯನ್ನು ಕಲಿಸುತ್ತಾರೆ, ಕೆಲವೆಡೆ ಆರ್ ಭಾಷೆಯನ್ನು. ಮುಂದೆ ಡೇಟಾಬೇಸ್‌ನಿಂದ ಮಾಹಿತಿ ಪಡೆಯುವ ಎಸ್‌ಕ್ಯೂಎಲ್ ಸೇರಿಕೊಳ್ಳುತ್ತದೆ. ಪೈಥಾನ್ 1991ರಲ್ಲಿ ಹೊರಬಂದ ಭಾಷೆ. ಅದರಲ್ಲಿ ಕೋಷ್ಟಕಗಳನ್ನು ನಿಭಾಯಿಸಲು ನಾವು ಬಳಸುವ ಪಾಂಡಾಸ್ ಎಂಬ ಲೈಬ್ರರಿಯನ್ನು (ಸಿದ್ಧ ಕೋಡಿನ ಸಂಗ್ರಹವನ್ನು) ವೆಸ್ ಮ್ಯಾಕಿನಿ ಎಂಬವರು 2008ರಲ್ಲಿ ಹಣಕಾಸು ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಬರೆಯತೊಡಗಿದರು. ಲೆಕ್ಕದ ಕೋಷ್ಟಕಗಳ ಮುಂದೆ ದಿನಗಟ್ಟಲೆ ಕುಳಿತವರ ಕಷ್ಟದಿಂದಲೇ ಹುಟ್ಟಿದ ಸಾಧನವದು ಎಂಬುದನ್ನು ಕಾಮರ್ಸ್ ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಂಡರೆ ಹೊರಗಿನವರೆಂಬ ಅಳುಕು ಸ್ವಲ್ಪ ಕಡಿಮೆಯಾದೀತು. ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ಮಾಡಿದವರಿಗೆ ಒಂದೇ ಹೆಸರಿನ ಸಾಲುಗಳನ್ನು ಗುಂಪು ಮಾಡಿ ಲೆಕ್ಕ ತೆಗೆಯುವ ಪಾಂಡಾಸ್‌ನ ಗ್ರೂಪ್‌ಬೈ ಅಪರಿಚಿತವಲ್ಲ. ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ಮಾಹಿತಿ ತರುವ ವಿಲುಕಪ್ ಗೊತ್ತಿದ್ದವರಿಗೆ ಮರ್ಜ್ ಎಂದರೆ ಏನೆಂದು ಎರಡು ಮಾತಿನಲ್ಲಿ ತಿಳಿಯುತ್ತದೆ. ಹಾಗಿದ್ದರೆ ಎಕ್ಸೆಲ್ಲೇ ಸಾಲದೇ ಎಂದು ಕೇಳುವವರಿಗೆ, ಅದರ ಒಂದು ಹಾಳೆ 10,48,576 ಸಾಲುಗಳಿಗೆ ಮುಗಿಯುತ್ತದೆ ಎಂಬ ಉತ್ತರವನ್ನು ಸಾಮಾನ್ಯವಾಗಿ ಕೊಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಕಾರಣವೊಂದಿದೆ. ಪ್ರತಿ ತಿಂಗಳೂ ಮಾಡುವ ವರದಿಯಲ್ಲಿ ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಇಟ್ಟಿದ್ದೇವೆಂಬುದು ಕೋಡಿನಲ್ಲಿ ಬರವಣಿಗೆಯಾಗಿ ಉಳಿಯುತ್ತದೆ. ತಪ್ಪಾದರೆ ಎಲ್ಲಿ ತಪ್ಪಾಯಿತೆಂದು ತೋರಿಸಬಹುದು, ಮುಂದಿನ ತಿಂಗಳು ಅದನ್ನೇ ಮತ್ತೆ ನಡೆಸಬಹುದು.

ಮೊದಲ ಮೂರು ವಾರ

ಈ ಅವಧಿಯಲ್ಲಿ ವಿದ್ಯಾರ್ಥಿಗಳು ಹಿಂದೆ ಬೀಳುವುದಕ್ಕೆ ಬುದ್ಧಿಯ ಕೊರತೆಗಿಂತ ಫೈಲು ಫೋಲ್ಡರುಗಳ ಗೊಂದಲವೇ ಹೆಚ್ಚು ಕಾರಣ. ಫೋನಿನಲ್ಲಿ ಬೆಳೆದವರಿಗೆ ಫೈಲು ಎಲ್ಲಿ ಉಳಿಯಿತೆಂಬುದೇ ಗೊತ್ತಿರುವುದಿಲ್ಲ. ಕೋರ್ಸಿಗೆಂದು ಒಂದೇ ಫೋಲ್ಡರ್ ಮಾಡಿ, ಅದರೊಳಗೆ ವಾರಕ್ಕೊಂದು ಫೋಲ್ಡರ್ ಇಟ್ಟು, ಮೂಲ ದತ್ತಾಂಶವನ್ನು ಬೇರೆ ಇಟ್ಟು ಅದನ್ನು ಎಂದಿಗೂ ತಿದ್ದದೆ ಬಿಡುವುದು ಮೊದಲ ದಿನವೇ ಮಾಡಬೇಕಾದ ಕೆಲಸ. ಸ್ವಂತ ಲ್ಯಾಪ್‌ಟಾಪ್ ಇಲ್ಲದವರು ಗೂಗಲ್ ಕೊಲ್ಯಾಬನ್ನು, ಅಂದರೆ ಕೋಡನ್ನು ಸೆಲ್ ಎಂಬ ತುಂಡುಗಳಾಗಿ ಬರೆದು ನಡೆಸುವ ನೋಟ್‌ಬುಕ್ಕನ್ನು, ಬ್ರೌಸರ್‌ನಲ್ಲೇ ಉಚಿತವಾಗಿ ಬಳಸಬಹುದು. ಆದರೆ ಅಲ್ಲಿ ನೇರವಾಗಿ ಏರಿಸಿದ ಫೈಲು ಆ ಸೆಷನ್ ಮುಗಿದೊಡನೆ ಅಳಿಸಿಹೋಗುವುದರಿಂದ ಗೂಗಲ್ ಡ್ರೈವ್‌ನಲ್ಲಿ ಇಟ್ಟುಕೊಂಡು ಅಲ್ಲಿಂದ ಓದಿಸಿಕೊಳ್ಳಬೇಕು.

ಪಾಠದ ವಿಡಿಯೋ ನೋಡುವುದನ್ನು ಅಭ್ಯಾಸವೆಂದು ಎಣಿಸಬೇಡಿ. ನೋಡುವಾಗ ಎಲ್ಲವೂ ತಿಳಿದಂತೆ ಇರುತ್ತದೆ. ಖಾಲಿ ಪರದೆಯ ಮುಂದೆ ಕುಳಿತಾಗ ಮೊದಲ ಸಾಲೇ ಹೊಳೆಯುವುದಿಲ್ಲ. ಹತ್ತು ನಿಮಿಷ ನೋಡಿದರೆ ಮೂವತ್ತು ನಿಮಿಷ ಬರೆಯಬೇಕು, ಅದೂ ಕಾಪಿ ಮಾಡದೆ ಒಂದೊಂದು ಅಕ್ಷರವನ್ನೂ ಕೈಯಿಂದ ಒತ್ತಿ ಬರೆಯಬೇಕು. ಕೆಲಸಕ್ಕೆ ಹೋಗುವವರಿಗೆ ಭಾನುವಾರ ಐದು ತಾಸು ಒಟ್ಟಿಗೆ ಕೂರುವುದಕ್ಕಿಂತ ದಿನಕ್ಕೆ ನಲವತ್ತು ನಿಮಿಷ ತಪ್ಪದೆ ಕೂರುವುದು ಹೆಚ್ಚು ಫಲ ಕೊಡುವುದನ್ನು ನಾನು ವರ್ಷವರ್ಷವೂ ನೋಡಿದ್ದೇನೆ.

ಆರಂಭದಲ್ಲಿ ಎರಡು ಮೂರು ಕಡೆ ಎಲ್ಲರೂ ಎಡವುತ್ತಾರೆ. ಸಮಚಿಹ್ನೆ ಅವುಗಳಲ್ಲಿ ಮೊದಲನೆಯದು. ಸ್ಟಾಕ್ ಸಮ ಸ್ಟಾಕ್ ಕಳೆ ಐದು ಎಂದು ಪೈಥಾನ್‌ನಲ್ಲಿ ಬರೆದದ್ದನ್ನು ಕಂಡಾಗ ಹೈಸ್ಕೂಲಿನ ಬೀಜಗಣಿತ ನೆನಪಿರುವವರಿಗೆ ಅದು ಅಸಾಧ್ಯವೆನಿಸುತ್ತದೆ. ಗೋದಾಮಿನ ದಾಸ್ತಾನು ಪುಸ್ತಕವನ್ನು ಕಣ್ಣ ಮುಂದೆ ತಂದುಕೊಳ್ಳಿ: ಇದ್ದ ಚೀಲಗಳಲ್ಲಿ ಐದು ಹೋದವು, ಉಳಿದದ್ದನ್ನು ಅದೇ ಹೆಸರಿನ ಮುಂದೆ ಹೊಸದಾಗಿ ಬರೆದಿರಿ. ಬಲಬದಿಯ ಲೆಕ್ಕ ಮೊದಲು ನಡೆದು, ಬಂದದ್ದು ಎಡಬದಿಯ ಹೆಸರಿನಲ್ಲಿ ಕೂರುತ್ತದೆ, ಅಷ್ಟೇ. ಎರಡನೆಯದು ಸೊನ್ನೆಯಿಂದ ಎಣಿಸುವುದು. ಹುಬ್ಬಳ್ಳಿಯಿಂದ ಗದಗಿನ ರಸ್ತೆಗೆ ಇಳಿದವನು ಹೊರಟ ಜಾಗವನ್ನು ಸೊನ್ನೆ ಎಂದೇ ಹಿಡಿದು ಮೊದಲ ಕಿಲೋಮೀಟರ್ ಕಲ್ಲಿಗೆ ಒಂದು ಎನ್ನುವಂತೆ, ಪಟ್ಟಿಯ ಮೊದಲ ವಸ್ತುವಿನ ಸ್ಥಾನ ಸೊನ್ನೆ. ಒಂದರಿಂದ ಹತ್ತರವರೆಗಿನ ರೇಂಜ್ ಎಂದು ಬರೆದರೆ ಅದು ಒಂಬತ್ತಕ್ಕೇ ನಿಲ್ಲುತ್ತದೆಂಬುದನ್ನು ಕಂಠಪಾಠ ಮಾಡುವ ಬದಲು ಪ್ರಿಂಟ್ ಮಾಡಿ ನೋಡಿ. ಇನ್ನು ಸಾಲಿನ ಆರಂಭದ ಖಾಲಿ ಜಾಗ. ಮತ್ತೆ ಮತ್ತೆ ನಡೆಸುವ ಲೂಪ್ ಅಥವಾ ಷರತ್ತು ಹಾಕುವ ಇಫ್ ಒಳಗೆ ಯಾವ ಸಾಲುಗಳು ಸೇರಿವೆ ಎಂಬುದನ್ನು ಪೈಥಾನ್ ಆ ಖಾಲಿ ಜಾಗದಿಂದಲೇ ತಿಳಿಯುವುದರಿಂದ ನಾಲ್ಕು ಸ್ಪೇಸ್‌ನ ಪದ್ಧತಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿಗೆ ಹೆದರುವುದನ್ನು ಕಂಡು ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಪೈಥಾನ್‌ನಲ್ಲಿ ಭಾಷೆಗೇ ಮೀಸಲಾದ ಪದಗಳು ನಲವತ್ತರೊಳಗೇ ಇವೆ. ಉಳಿದ ಹೆಸರುಗಳಲ್ಲಿ ಅನೇಕವನ್ನು ನಾವೇ ಇಡುತ್ತೇವೆ. ದರ, ತೂಕ, ಚೀಲ ಎಂಬ ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ವೇರಿಯೇಬಲ್‌ಗಳಿಗೆ (ಮೌಲ್ಯವನ್ನು ಹಿಡಿದಿಡುವ ಹೆಸರುಗಳಿಗೆ) ಇಡುವುದರಲ್ಲಿ ತಪ್ಪೇನೂ ಇಲ್ಲ, ಪೈಥಾನ್ 3 ಕನ್ನಡ ಲಿಪಿಯ ಹೆಸರುಗಳನ್ನೂ ಒಪ್ಪುತ್ತದೆ. ಕೋಡ್ ಬರೆಯುವ ಮೊದಲು ಹೆಜ್ಜೆಗಳನ್ನು ಕನ್ನಡದಲ್ಲಿ ಪೂರ್ಣ ವಾಕ್ಯಗಳಾಗಿ, ಯಂತ್ರ ಓದದೆ ಬಿಡುವ ಕಾಮೆಂಟ್ ಸಾಲುಗಳಲ್ಲಿ ಬರೆದುಕೊಳ್ಳಿ: ಪ್ರತಿ ಲಾಟಿನ (ಒಟ್ಟಿಗೆ ಮಾರುವ ಮಾಲಿನ ರಾಶಿಯ) ತೂಕವನ್ನು ದರದಿಂದ ಗುಣಿಸಬೇಕು, ಬಂದ ಮೊತ್ತಗಳನ್ನು ಕೂಡಿಸಬೇಕು, ಒಟ್ಟು ತೂಕದಿಂದ ಭಾಗಿಸಬೇಕು. ಈ ವಾಕ್ಯಗಳನ್ನು ಬರೆಯಲಾಗದಿದ್ದರೆ ತೊಡಕು ಇರುವುದು ಕೋಡಿನಲ್ಲಲ್ಲ, ಪ್ರಶ್ನೆ ಇನ್ನೂ ತಿಳಿದಿಲ್ಲವೆಂದು ಅರ್ಥ.

ಎರರ್ ಬಂದಾಗ

ಕೆಂಪು ಅಕ್ಷರಗಳು ಪರದೆಯನ್ನು ತುಂಬಿದಾಗ ಕೊನೆಯ ಸಾಲನ್ನು ಮೊದಲು ಓದಬೇಕು. ಯಾವ ಬಗೆಯ ತಪ್ಪು ಎಂಬುದು ಅಲ್ಲಿರುತ್ತದೆ. ಅದರ ಮೇಲಿನ ಸಾಲುಗಳಲ್ಲಿ ನೀವು ಬರೆದ ಯಾವ ಸಾಲಿನಲ್ಲಿ ಅದು ನಡೆಯಿತೆಂಬುದು ಇರುತ್ತದೆ. ನೇಮ್ ಎರರ್ ಬಂದರೆ ಹೆಸರಿನ ಕಾಗುಣಿತ ತಪ್ಪಿದೆ, ಇಲ್ಲವೇ ಆ ಹೆಸರನ್ನು ಹುಟ್ಟಿಸುವ ಸೆಲ್ಲನ್ನು ಇನ್ನೂ ನಡೆಸಿಲ್ಲ. ಟೈಪ್ ಎರರ್ ಬಂದರೆ ಹೆಚ್ಚಾಗಿ ಅಕ್ಷರಕ್ಕೂ ಸಂಖ್ಯೆಗೂ ಕೂಡಿಸುವ ಲೆಕ್ಕ ನಡೆದಿದೆ. ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ಅರ್ಧ ತಾಸು ಒದ್ದಾಡಿ ಕರೆದಳು: ‘ಸರ್, ಕಾಲಂ ಹೆಸರು ದರ ಅಂತ ಕಣ್ಣಿಗೆ ಕಾಣಾಕತ್ತೈತ್ರಿ, ಇದು ಇಲ್ಲ ಅಂತೈತ್ರಿ.’ ಬಂದದ್ದು ಕೀ ಎರರ್, ಅಂದರೆ ಕೇಳಿದ ಹೆಸರು ಸಿಗಲಿಲ್ಲವೆಂಬ ಎರರ್. ಮೂಲ ಫೈಲನ್ನು ತಯಾರಿಸಿದವರು ಆ ಹೆಸರಿನ ಕೊನೆಗೆ ಒಂದು ಸ್ಪೇಸ್ ಒತ್ತಿದ್ದರು. ಕಣ್ಣಿಗೆ ಕಾಣದ ಆ ಜಾಗವೂ ಯಂತ್ರಕ್ಕೆ ಒಂದು ಅಕ್ಷರವೇ. ಫೈಲನ್ನು ಓದಿದೊಡನೆ ಕಾಲಂ ಹೆಸರುಗಳನ್ನು ಪಟ್ಟಿಯಾಗಿ ಪ್ರಿಂಟ್ ಮಾಡಿ, ಎರಡೂ ಬದಿಯ ಸ್ಪೇಸ್ ತೆಗೆಯುವ ಸಾಲೊಂದನ್ನು ಬರೆಯುವುದನ್ನು ಅಂದಿನಿಂದ ತರಗತಿಯ ನಿಯಮವನ್ನಾಗಿ ಮಾಡಿದ್ದೇನೆ.

ಎರರ್ ಕೊಡುವ ತಪ್ಪುಗಳಿಗೆ ಹೆದರಬೇಕಾಗಿಲ್ಲ, ಅವು ತಾವಾಗಿಯೇ ತಿಳಿಸುತ್ತವೆ. ಯಾವ ಎರರ್ ಕೂಡ ಬಾರದೆ ಅಚ್ಚುಕಟ್ಟಾಗಿ ತಪ್ಪು ಉತ್ತರ ಬಂದಾಗಲೇ ನಿಜವಾದ ಅಪಾಯ. ಅಲ್ಲಿ ನಮ್ಮನ್ನು ಕಾಪಾಡುವುದು ಕೈಲೆಕ್ಕವೊಂದೇ.

ಬ್ಯಾಡಗಿ ಮೆಣಸಿನಕಾಯಿಯ ಸರಾಸರಿ

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಹಲವು ವರ್ಷಗಳ ಹಿಂದೆ, ಈ ವಿದ್ಯೆ ನನಗೂ ಹೊಸದಾಗಿದ್ದಾಗ, ಹಾವೇರಿ ಜಿಲ್ಲೆಯ ಒಬ್ಬ ಅಡತಿ ವ್ಯಾಪಾರಿಗೆ ಅವರ ಒಂದು ಹಂಗಾಮಿನ ಮೆಣಸಿನಕಾಯಿ ಲಾಟುಗಳ ಸರಾಸರಿ ದರವನ್ನು ತೆಗೆದುಕೊಟ್ಟೆ. ದರದ ಕಾಲಮ್ಮಿನ ಮೇಲೆ ಸರಾಸರಿ ತೆಗೆಯುವ ಮೀನ್ ಎಂಬ ಫಂಕ್ಷನ್ (ಸಿದ್ಧ ಆದೇಶ) ನಡೆಸಿದ್ದೆ, ಯಾವ ಎರರ್ ಕೂಡ ಬಂದಿರಲಿಲ್ಲ. ಅವರು ಕಾಗದವನ್ನು ನೋಡಿದವರೇ, ಇಷ್ಟು ದರ ಸಿಕ್ಕಿದ್ದರೆ ನನ್ನ ಖಾತೆಯಲ್ಲಿ ಇಷ್ಟು ಕಡಿಮೆ ರೊಕ್ಕ ಯಾಕಿದೆ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಸಣ್ಣ ಲೆಕ್ಕದಲ್ಲಿ ಅದನ್ನು ಹೀಗೆ ನೋಡಬಹುದು. ಎರಡೇ ಲಾಟುಗಳಿವೆಯೆಂದು ಇಟ್ಟುಕೊಳ್ಳಿ. ಒಳ್ಳೆಯ ಡಬ್ಬಿ ತಳಿಯ ಮೆಣಸಿನಕಾಯಿ 2 ಕ್ವಿಂಟಲ್, ಕ್ವಿಂಟಲ್‌ಗೆ 40,000 ರೂಪಾಯಿ. ಗುಂಟೂರು ತಳಿಯದು 18 ಕ್ವಿಂಟಲ್, ಕ್ವಿಂಟಲ್‌ಗೆ 15,000 ರೂಪಾಯಿ. ದರಗಳ ಸರಾಸರಿ 27,500. ಆದರೆ ಬಂದ ಹಣ 80,000 ಮತ್ತು 2,70,000 ಸೇರಿ 3,50,000; ಅದನ್ನು 20 ಕ್ವಿಂಟಲ್‌ಗೆ ಹಂಚಿದರೆ ಕ್ವಿಂಟಲ್‌ಗೆ 17,500. ಎರಡೂ ಸಂಖ್ಯೆಗಳು ಗಣಿತದ ಪ್ರಕಾರ ಸರಿಯೇ, ಆದರೆ ವ್ಯಾಪಾರಿ ಕೇಳಿದ ಪ್ರಶ್ನೆಗೆ ಉತ್ತರವಾಗುವುದು ಎರಡನೆಯದು ಮಾತ್ರ. ಇದನ್ನು ತೂಕದ ಸರಾಸರಿ ಎನ್ನುತ್ತೇವೆ. ಕೋಡ್ ಬರೆಯುವ ಮೊದಲು ಈ ಎರಡು ಸಾಲನ್ನು ಕಾಗದದ ಮೇಲೆ ಮಾಡಿದ್ದರೆ ನನ್ನ ಫಂಕ್ಷನ್ ತಪ್ಪು ಪ್ರಶ್ನೆಗೆ ಉತ್ತರ ಕೊಡುತ್ತಿದೆಯೆಂದು ಅಂದೇ ತಿಳಿಯುತ್ತಿತ್ತು.

ಹೀಗಾಗಿ ಪ್ರತಿ ಅಸೈನ್‌ಮೆಂಟಿಗೂ ನಾನು ಇದೇ ಕ್ರಮವನ್ನು ಹೇಳುತ್ತೇನೆ. ದೊಡ್ಡ ಫೈಲಿನಿಂದ ಐದಾರು ಸಾಲುಗಳನ್ನು ಆರಿಸಿ ಬೇರೆ ಫೈಲು ಮಾಡಿ. ಆ ಸಾಲುಗಳಲ್ಲಿ ಒಂದು ದೊಡ್ಡ ಸಂಖ್ಯೆ, ಒಂದು ಖಾಲಿ ಮನೆ, ಒಂದೇ ಹೆಸರಿನ ಎರಡು ದಾಖಲೆ ಇರುವಂತೆ ನೋಡಿಕೊಳ್ಳಿ. ಉತ್ತರವನ್ನು ಕ್ಯಾಲ್ಕುಲೇಟರ್‌ನಿಂದ ತೆಗೆದು ಕಾಗದದ ಮೇಲೆ ಬರೆಯಿರಿ. ಕೋಡ್ ಅದೇ ಉತ್ತರವನ್ನು ಕೊಟ್ಟ ಮೇಲೆಯೇ ಪೂರ್ಣ ಫೈಲಿನ ಮೇಲೆ ನಡೆಸಿ. ಪೂರ್ಣ ಫೈಲಿನ ಉತ್ತರ ಬಂದಾಗಲೂ, ಇದು ಇರಬಹುದಾದ ಸಂಖ್ಯೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಕನಿಷ್ಠ ದರಕ್ಕಿಂತ ಕಡಿಮೆಯಾದ ಅಥವಾ ಗರಿಷ್ಠಕ್ಕಿಂತ ಹೆಚ್ಚಾದ ಸರಾಸರಿ ಎಂದಿಗೂ ಇರಲಾರದು.

ಖಾಲಿ ಮನೆಗಳ ಬಗ್ಗೆ ಒಂದು ಮಾತು. ಮಾರುಕಟ್ಟೆ ಬಂದ್ ಇದ್ದ ದಿನ ಆವಕ (ಮಾರುಕಟ್ಟೆಗೆ ಬಂದ ಮಾಲು) ಸೊನ್ನೆ ಎನ್ನಬಹುದು, ದರ ಸೊನ್ನೆ ಎನ್ನಲಾಗದು. ಅಂದು ದರವೇ ಇರಲಿಲ್ಲ. ಖಾಲಿ ಇರುವ ದರವನ್ನು ಪಾಂಡಾಸ್ ಸರಾಸರಿಯಿಂದ ತಾನಾಗಿ ಬಿಡುತ್ತದೆ, ಆದರೆ ಯಾರಾದರೂ ಅಲ್ಲಿ ಸೊನ್ನೆ ತುಂಬಿದ್ದರೆ ಅದನ್ನೂ ಎಣಿಸಿ ಸರಾಸರಿಯನ್ನು ಕೆಳಗೆ ಎಳೆಯುತ್ತದೆ. ಆದ್ದರಿಂದ ಸೊನ್ನೆಗಳೆಷ್ಟು, ಖಾಲಿಗಳೆಷ್ಟು ಎಂದು ಬೇರೆ ಬೇರೆ ಎಣಿಸಿಕೊಳ್ಳಬೇಕು.

ನಮ್ಮ ದತ್ತಾಂಶದ ತೊಡಕುಗಳು

ಪಠ್ಯಪುಸ್ತಕದ ಉದಾಹರಣೆಗಳಲ್ಲಿ ದತ್ತಾಂಶ ತೊಳೆದಿಟ್ಟಂತೆ ಸ್ವಚ್ಛವಾಗಿರುತ್ತದೆ. ನಮ್ಮ ಊರುಗಳಿಂದ ಬರುವ ಫೈಲುಗಳು ಹಾಗಿರುವುದಿಲ್ಲ. ಕೋರ್ಸಿನಲ್ಲಿ ಚೆನ್ನಾಗಿ ಮಾಡಿದವರು ಕೆಲಸಕ್ಕೆ ಸೇರಿದ ಮೇಲೆ ತಡವರಿಸುವುದೂ ಇಲ್ಲಿಯೇ, ಆದ್ದರಿಂದ ಈ ಭಾಗಕ್ಕೆ ಸಿಲಬಸ್ ಕೊಡುವುದಕ್ಕಿಂತ ಹೆಚ್ಚು ಸಮಯ ಕೊಡಿ.

ಊರಿನ ಹೆಸರುಗಳಿಂದ ಆರಂಭಿಸಿ. ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಬಿಲ್ಲುಗಳಲ್ಲಿ ಹುಬ್ಳಿ, ಬೆಳಗಾಂ ಎಂದಿದ್ದರೆ ನಂತರದವುಗಳಲ್ಲಿ ಹುಬ್ಬಳ್ಳಿ, ಬೆಳಗಾವಿ ಎಂದಿರುತ್ತದೆ, ಕೆಲವು ಅಂಗಡಿಗಳವರು ಇಂದಿಗೂ ಹಳೆಯ ಹೆಸರನ್ನೇ ಬರೆಯುತ್ತಾರೆ. ಬ್ಯಾಡಗಿಯನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ರೀತಿಯಲ್ಲಿ ಬರೆದದ್ದನ್ನು ಒಂದೇ ಫೈಲಿನಲ್ಲಿ ಕಂಡಿದ್ದೇನೆ. ಓದುವ ಮನುಷ್ಯನಿಗೆ ಒಂದೇ ಊರು, ಗ್ರೂಪ್‌ಬೈಗೆ ನಾಲ್ಕು ಊರು. ಮಾರಾಟದಲ್ಲಿ ಮೊದಲನೆಯ ಸ್ಥಾನದಲ್ಲಿರಬೇಕಾದ ಊರು ನಾಲ್ಕು ಹೋಳಾಗಿ ಪಟ್ಟಿಯ ಕೆಳಗೆ ಇಳಿದಿರುತ್ತದೆ. ಗುಂಪು ಮಾಡುವ ಮೊದಲು ಆ ಕಾಲಮ್ಮಿನಲ್ಲಿರುವ ಬೇರೆ ಬೇರೆ ಹೆಸರುಗಳ ಪಟ್ಟಿಯನ್ನು ತೆಗೆದು, ಹಳೆಯ ರೂಪಕ್ಕೆ ಹೊಸ ರೂಪ ಯಾವುದೆಂದು ತೋರಿಸುವ ಡಿಕ್ಷನರಿಯನ್ನು ನೀವೇ ಬರೆದು ಬದಲಿಸಬೇಕು. ಪೈಥಾನ್‌ನ ಡಿಕ್ಷನರಿ ಯಾತಕ್ಕೆ ಬೇಕೆಂಬುದು ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಅರ್ಥವಾಗದು.

ಹೆಸರು ಬದಲಾಗದೆ ಅದು ಸೂಚಿಸುವ ಪ್ರದೇಶ ಬದಲಾದರೆ ಇನ್ನೂ ಕಷ್ಟ. ಜನಗಣತಿಯ ಪ್ರಕಾರ 1991ರಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ 35.03 ಲಕ್ಷ, 2001ರಲ್ಲಿ 16.04 ಲಕ್ಷ. ಈ ಎರಡು ಸಂಖ್ಯೆಗಳನ್ನು ಕೊಟ್ಟು ಬೆಳವಣಿಗೆಯ ದರ ಕೇಳಿದರೆ ಕೋಡ್ ಯಾವ ಆಕ್ಷೇಪವನ್ನೂ ಎತ್ತದೆ ಅರ್ಧಕ್ಕಿಂತ ಹೆಚ್ಚು ಜನ ಕಡಿಮೆಯಾದರೆಂದು ಹೇಳುತ್ತದೆ. ನಡೆದದ್ದೇನೆಂದರೆ 1997ರಲ್ಲಿ ಗದಗ ಮತ್ತು ಹಾವೇರಿ ಜಿಲ್ಲೆಗಳು ಧಾರವಾಡದಿಂದ ಬೇರೆಯಾದವು. ಮೂರೂ ಜಿಲ್ಲೆಗಳನ್ನು ಸೇರಿಸಿದರೆ 2001ರಲ್ಲಿ 40.15 ಲಕ್ಷವಾಗುತ್ತದೆ, ಅಂದರೆ ಹತ್ತು ವರ್ಷಗಳಲ್ಲಿ ಸುಮಾರು ಶೇಕಡಾ 14.6ರಷ್ಟು ಹೆಚ್ಚಳ. ಈ ಸೀಮೆಯವರಾದ ನಮಗೆ ಇದು ಮನೆಮಾತು, ದೂರದ ಊರಿನ ನಿಪುಣನಿಗೆ ಹೊಳೆಯಲಾರದು. ನಿಮ್ಮ ಊರಿನ ತಿಳಿವಳಿಕೆಯೂ ಈ ವಿದ್ಯೆಯ ಭಾಗವೇ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದೇ ಕಾರಣಕ್ಕೆ.

ತಾರೀಖುಗಳ ವಿಷಯದಲ್ಲಿ ಎಚ್ಚರ ತಪ್ಪಿದರೆ ಹಾನಿ ದೊಡ್ಡದು. ನಮ್ಮ ಬಿಲ್ಲಿನಲ್ಲಿ 04/03/2024 ಎಂದರೆ ಮಾರ್ಚ್ 4. ಏನೂ ಹೇಳದೆ ಬಿಟ್ಟರೆ ಪಾಂಡಾಸ್ ಅಮೆರಿಕದ ಪದ್ಧತಿಯಂತೆ ಮೊದಲ ಸಂಖ್ಯೆಯನ್ನು ತಿಂಗಳೆಂದು ಹಿಡಿದು ಅದನ್ನು ಏಪ್ರಿಲ್ 3 ಎಂದು ಓದುತ್ತದೆ. ನಮ್ಮ ಹಣಕಾಸು ವರ್ಷ ಏಪ್ರಿಲ್ 1ರಿಂದ ಆರಂಭವಾಗುವುದರಿಂದ 2023-24ಕ್ಕೆ ಸೇರಬೇಕಾದ ಮಾರಾಟ ಸದ್ದಿಲ್ಲದೆ 2024-25ಕ್ಕೆ ಹೋಗಿಬಿಡುತ್ತದೆ. ದಿನ ಮೊದಲು ಬರುತ್ತದೆಂದು ಸ್ಪಷ್ಟವಾಗಿ ಸೂಚಿಸುವ ಡೇಫಸ್ಟ್ ಎಂಬ ಆಯ್ಕೆಯನ್ನು, ಅಥವಾ ತಾರೀಖಿನ ಪೂರ್ಣ ಮಾದರಿಯನ್ನು, ಪ್ರತಿ ಸಲವೂ ಬರೆಯಿರಿ. ಓದಿದ ಮೇಲೆ ತಿಂಗಳವಾರು ಸಾಲುಗಳನ್ನು ಎಣಿಸಿ ಮೂಲ ಪುಸ್ತಕದೊಂದಿಗೆ ತಾಳೆ ನೋಡಿ.

ಸಂಖ್ಯೆಗಳೊಳಗಿನ ಅಲ್ಪವಿರಾಮವೂ ಹೀಗೆಯೇ. 1,25,000 ಎಂಬುದನ್ನು ಹೇಳದೆ ಬಿಟ್ಟರೆ ಯಂತ್ರ ಅಕ್ಷರಗಳ ಸರಣಿಯೆಂದು ಭಾವಿಸುತ್ತದೆ. ಅಕ್ಷರಗಳಾದ 25 ಮತ್ತು 30ನ್ನು ಕೂಡಿಸಿದರೆ 55ರ ಬದಲು 2530 ಬರುವಂತೆ, ಇಡೀ ಕಾಲಮ್ಮಿನ ಮೊತ್ತ ಅಂಕಿಗಳ ಉದ್ದನೆಯ ಸಾಲಾಗಿ ಬಂದರೆ ಕಾರಣ ಇದೇ ಎಂದು ತಿಳಿಯಿರಿ. ಫೈಲನ್ನು ಓದುವಾಗಲೇ ಅಲ್ಪವಿರಾಮ ಬರಿಯ ಗುರುತೆಂದು ಹೇಳಬಹುದು. ಓದಿದೊಡನೆ ಪ್ರತಿ ಕಾಲಮ್ಮಿನ ಬಗೆಯನ್ನು ಪರೀಕ್ಷಿಸುವುದನ್ನು ರೂಢಿಸಿಕೊಂಡರೆ ಈ ತೊಂದರೆ ಮೊದಲ ನಿಮಿಷದಲ್ಲೇ ಕಾಣುತ್ತದೆ.

ಕನ್ನಡದಲ್ಲಿ ಹೆಸರುಗಳಿರುವ ಫೈಲು ಬಂದರೆ ಅದು ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತವಿರುವ ಯುನಿಕೋಡ್‌ನಲ್ಲಿದೆಯೇ ಎಂದು ಮೊದಲು ನೋಡಿ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದು ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಅದನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಂಡ ನಂತರವೇ ಕೆಲಸ ಆರಂಭಿಸಬೇಕು. ಯುನಿಕೋಡ್‌ನ ಒಂದು ರೂಪವಾದ ಯುಟಿಎಫ್-8ರಲ್ಲಿರುವ ಸಿಎಸ್‌ವಿ ಫೈಲನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕವನ್ನು) ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಕನ್ನಡ ಚೆಲ್ಲಾಪಿಲ್ಲಿಯಾಗಿ ಕಂಡರೆ ಗಾಬರಿಯಾಗಿ ಸೇವ್ ಮಾಡಬೇಡಿ. ಮುಚ್ಚಿ, ಡೇಟಾ ಮೆನುವಿನ ಮೂಲಕ ಎನ್‌ಕೋಡಿಂಗ್ ಆರಿಸಿ ತೆರೆಯಿರಿ.

ಎರಡು ಕೋಷ್ಟಕಗಳನ್ನು ಸೇರಿಸುವ ಮರ್ಜ್ ಕೂಡ ಸದ್ದಿಲ್ಲದೆ ತಪ್ಪು ಮಾಡಬಲ್ಲದು. ವ್ಯಾಪಾರಿಗಳ ಪಟ್ಟಿಯಲ್ಲಿ ಒಬ್ಬರ ಹೆಸರು ಎರಡು ಸಲ ಇದ್ದರೆ ಅವರ ಪ್ರತಿ ಮಾರಾಟವೂ ಎರಡಾಗುತ್ತದೆ. ಒಂದೇ ಬಿಲ್ಲನ್ನು ಕಿರ್ದಿಯಲ್ಲಿ ಎರಡು ಸಲ ಬರೆದಂತೆ. ಸೇರಿಸುವ ಮೊದಲು ಮತ್ತು ನಂತರ ಸಾಲುಗಳ ಸಂಖ್ಯೆಯನ್ನೂ ಒಟ್ಟು ಮೊತ್ತವನ್ನೂ ಪ್ರಿಂಟ್ ಮಾಡಿ ಹೋಲಿಸಿ. ಪೈಸೆಗಳ ಲೆಕ್ಕದಲ್ಲಿ ಅತಿ ಸಣ್ಣ ವ್ಯತ್ಯಾಸ ಬಂದರೆ ಮಾತ್ರ ಗಾಬರಿ ಬೇಡ: 0.1 ಮತ್ತು 0.2 ಕೂಡಿಸಿದಾಗ ಪೈಥಾನ್ 0.30000000000000004 ಎನ್ನುತ್ತದೆ, ದಶಾಂಶಗಳನ್ನು ಕಂಪ್ಯೂಟರ್ ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದು ಇದಕ್ಕೆ ಕಾರಣ. ಹಣವನ್ನು ಪೈಸೆಗಳ ಪೂರ್ಣಾಂಕವಾಗಿ ಇಟ್ಟುಕೊಂಡರೆ ಈ ಕಾಟವಿಲ್ಲ.

ನೆರವು ಪಡೆಯುವ ರೀತಿ

ಈಗ ಚಾಟ್‌ಜಿಪಿಟಿಯಂಥ ಸಾಧನಗಳನ್ನು ಕೇಳಿದರೆ ಕೋಡ್ ಕ್ಷಣದಲ್ಲಿ ಬರುತ್ತದೆ. ಅವನ್ನು ಮುಟ್ಟಬೇಡಿ ಎಂದು ನಾನು ಹೇಳುವುದಿಲ್ಲ. ಮೊದಲ ಆರು ವಾರ ಅವುಗಳಿಂದ ಅಸೈನ್‌ಮೆಂಟ್ ಬರೆಸಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಎರರ್ ಸಂದೇಶದ ಅರ್ಥವನ್ನು ಕೇಳಿ, ನೀವು ಬರೆದ ಕೋಡಿನ ಒಂದೊಂದು ಸಾಲನ್ನು ಕನ್ನಡದಲ್ಲಿ ವಿವರಿಸಲು ಕೇಳಿ, ಅಭ್ಯಾಸಕ್ಕೆ ಹೊಸ ಲೆಕ್ಕಗಳನ್ನು ಕೇಳಿ. ಅವು ಬರೆದುಕೊಟ್ಟ ಕೋಡ್ ತೂಕದ ಸರಾಸರಿಯ ಬದಲು ಸಾದಾ ಸರಾಸರಿ ತೆಗೆದಿದ್ದರೆ ಅದನ್ನು ಹಿಡಿಯಬೇಕಾದವರು ನೀವು, ಕೈಲೆಕ್ಕ ಮಾಡಿಟ್ಟಿರದಿದ್ದರೆ ಹಿಡಿಯುವ ದಾರಿಯೇ ಇರುವುದಿಲ್ಲ. ಮೇಷ್ಟರನ್ನು ಕೇಳುವಾಗಲೂ ಬರುತ್ತಿಲ್ಲ ಎಂದಷ್ಟೇ ಹೇಳದೆ, ಏನು ಬರಬೇಕಿತ್ತು, ಏನು ಬಂತು, ಯಾವ ಸಾಲಿನವರೆಗೆ ಸರಿಯಿದೆ ಎಂಬ ಮೂರನ್ನೂ ಹೇಳಿ. ಈ ಮೂರನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಎಷ್ಟೋ ಸಲ ಉತ್ತರ ತಾನೇ ಹೊಳೆದು, ವಿದ್ಯಾರ್ಥಿಗಳು ಎತ್ತಿದ ಕೈಯನ್ನು ಕೆಳಗಿಳಿಸಿದ್ದನ್ನು ನೋಡಿದ್ದೇನೆ.

ಇಬ್ಬರು ಮೂವರು ಕೂಡಿ ಓದುವುದು ಒಳ್ಳೆಯದು. ಒಬ್ಬರೇ ಕೀಬೋರ್ಡ್ ಹಿಡಿದು ಉಳಿದವರು ನೋಡುತ್ತ ಕೂರುವುದು ಒಳ್ಳೆಯದಲ್ಲ. ಹತ್ತು ನಿಮಿಷಕ್ಕೊಮ್ಮೆ ಕೀಬೋರ್ಡ್ ಕೈ ಬದಲಿಸಲಿ.

ಲಿಖಿತ ಪರೀಕ್ಷೆಯಲ್ಲಿ ಕೋಡ್ ಕೊಟ್ಟು ಔಟ್‌ಪುಟ್ ಏನೆಂದು ಕೇಳುತ್ತಾರೆ. ಅದಕ್ಕೆ ಸಿದ್ಧತೆ ಸರಳ: ಪ್ರತಿ ವೇರಿಯೇಬಲ್‌ಗೆ ಒಂದು ಕಾಲಂ ಹಾಕಿ, ಲೂಪಿನ ಪ್ರತಿ ಸುತ್ತಿಗೆ ಒಂದು ಸಾಲು ಬರೆದು, ಪೆನ್ಸಿಲ್ಲಿನಿಂದ ಅವುಗಳ ಆಗಿನ ಮೌಲ್ಯಗಳನ್ನು ತುಂಬುತ್ತ ಹೋಗುವುದು. ವಾರಕ್ಕೆ ಮೂರು ಬಾರಿ ಇದನ್ನು ಮಾಡಿದವರು ಪರೀಕ್ಷೆಯ ದಿನ ತಡವರಿಸಿದ್ದು ನನಗೆ ನೆನಪಿಲ್ಲ.

ಪ್ರಾಜೆಕ್ಟ್

ಕೋರ್ಸಿನ ಕೊನೆಯ ಪ್ರಾಜೆಕ್ಟಿಗೆ ಇಂಟರ್ನೆಟ್ಟಿನಲ್ಲಿ ಎಲ್ಲರೂ ಬಳಸುವ ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿಯನ್ನು ತೆಗೆದುಕೊಳ್ಳಬೇಡಿ. ಅದರ ಉತ್ತರಗಳು ಸಾವಿರ ಕಡೆ ಸಿಗುತ್ತವೆ, ಅದರಲ್ಲಿ ನಿಮ್ಮದೆನ್ನುವ ಪ್ರಶ್ನೆ ಹುಟ್ಟುವುದಿಲ್ಲ. ಕೇಂದ್ರ ಸರಕಾರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ಎಪಿಎಂಸಿಗಳ ಆವಕ ಮತ್ತು ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚಿನ ವಹಿವಾಟು ನಡೆದ) ದರಗಳು ಸಿಗುತ್ತವೆ. ಅಮರಗೋಳದ ಎಪಿಎಂಸಿಯ ಈರುಳ್ಳಿಯನ್ನೋ ಗದಗಿನ ಕಡಲೆಯನ್ನೋ ಬ್ಯಾಡಗಿಯ ಮೆಣಸಿನಕಾಯಿಯನ್ನೋ ಆರಿಸಿ, ಆವಕ ಹೆಚ್ಚಿದ ವಾರ ದರ ಎಷ್ಟು ಇಳಿಯುತ್ತದೆ ಎಂಬಂಥ ಒಂದೇ ಪ್ರಶ್ನೆಯನ್ನು ಹಿಡಿಯಿರಿ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಆರಂಭವಾದ ಸಹಕಾರಿ ಸಂಘದ ಪರಂಪರೆ ನಮ್ಮ ಹಳ್ಳಿಹಳ್ಳಿಗಳಲ್ಲಿ ಮುಂದುವರಿದಿದೆ. ನಿಮ್ಮೂರಿನ ಸಂಘವಾಗಲಿ ಪರಿಚಯದ ಅಂಗಡಿಯಾಗಲಿ ದತ್ತಾಂಶ ಕೊಡಲು ಒಪ್ಪಿದರೆ ಅದಕ್ಕಿಂತ ಒಳ್ಳೆಯ ವಿಷಯ ಸಿಗದು. ಆದರೆ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು, ಫೈಲು ಕೈಗೆ ಬಂದೊಡನೆ ಸದಸ್ಯರ ಹೆಸರು, ಫೋನ್ ಮತ್ತು ಖಾತೆ ಸಂಖ್ಯೆಗಳನ್ನು ತೆಗೆದು ಅವುಗಳ ಜಾಗದಲ್ಲಿ ಕ್ರಮಸಂಖ್ಯೆ ಹಾಕಬೇಕು. ಇದರಲ್ಲಿ ಸಡಿಲಿಕೆಗೆ ಎಡೆಯಿಲ್ಲ.

ವರದಿಯಲ್ಲಿ ಚಿತ್ರಗಳು ಎರಡು ಮೂರು ಸಾಕು. ಪ್ರತಿ ಚಿತ್ರದ ಅಕ್ಷಗಳ ಮೇಲೆ ಏನು, ಯಾವ ಅಳತೆಯಲ್ಲಿ ಎಂದು ಬರೆದಿರಬೇಕು: ಕ್ವಿಂಟಲ್ಲೋ ಟನ್ನೋ ಚೀಲವೋ ಎಂದು ತಿಳಿಯದ ಚಿತ್ರದಿಂದ ಯಾರಿಗೂ ಪ್ರಯೋಜನವಿಲ್ಲ. ಸಲ್ಲಿಸುವ ಹಿಂದಿನ ದಿನ ಕೋಡ್ ಇರುವ ನೋಟ್‌ಬುಕ್ಕಿನ ಕರ್ನಲನ್ನು (ಕೋಡನ್ನು ನಡೆಸುವ ಭಾಗವನ್ನು) ರೀಸ್ಟಾರ್ಟ್ ಮಾಡಿ, ಮೇಲಿನಿಂದ ಕೆಳಗಿನವರೆಗೆ ಎಲ್ಲ ಸೆಲ್ಲುಗಳನ್ನು ಒಮ್ಮೆಗೇ ನಡೆಸಿ. ಹಿಂದೆಮುಂದಾಗಿ ನಡೆಸಿದ ಸೆಲ್ಲುಗಳು, ಅಳಿಸಿದರೂ ನೆನಪಿನಲ್ಲಿ ಉಳಿದಿದ್ದ ವೇರಿಯೇಬಲ್‌ಗಳು ಆಗಲೇ ಹೊರಬೀಳುತ್ತವೆ. ಆಮೇಲೆ ವರದಿಯ ಮೊದಲ ಪುಟವನ್ನು, ಕೋಡ್ ಬಾರದ, ಆದರೆ ಆ ವ್ಯಾಪಾರ ಬಲ್ಲ ಒಬ್ಬರ ಕೈಗೆ ಕೊಡಿ. ಅವರು ಮೊದಲು ಒಟ್ಟು ಮೊತ್ತವನ್ನೇ ನೋಡುತ್ತಾರೆ. ಅದು ಅವರ ಪುಸ್ತಕದೊಂದಿಗೆ ಕೂಡದಿದ್ದರೆ ಚಿತ್ರಗಳ ಬಣ್ಣ ತಿದ್ದುತ್ತ ಕೂರದೆ, ಐದು ಸಾಲಿನ ಆ ಸಣ್ಣ ಫೈಲಿಗೆ ಹಿಂದಿರುಗಿ, ಅಲ್ಲಿಂದ ಒಂದೊಂದೇ ಸೆಲ್ ನಡೆಸುತ್ತ ಮೊತ್ತ ಎಲ್ಲಿ ಬದಲಾಯಿತೆಂದು ಹುಡುಕಿ.